ಸಹಾಯ ಬೇಕು: ಇದು ಯಾವ ವ್ಯಾಗನ್?

ರೈಲಿನ ಹುಚ್ಚು ಇರುವವರು ಸ್ವಲ್ಪ ನೋಡಿ ಹೇಳಿ. ನಿನ್ನೆ ಸಂಜೆ ಗೇಟ್ ಹಾಕಿದ್ದರು, ಸುಮ್ನೆ ನಿಂತಿದ್ದೆ. ಒಂದು ಗೂಡ್ಸ್ ರೈಲು ನಾವು ನಡೆಯುವಷ್ಟು ನಿಧಾನವಾಗಿ ಬಂತು. ಅದರ ನಡುವೆ ಒಂದು ದೈತ್ಯ ವ್ಯಾಗನ್! ಮಾಮೂಲಿ ಗೂಡ್ಸ್ ವ್ಯಾಗನ್‌ಗೆ ಸಾಮಾನ್ಯವಾಗಿ 4 ಆಕ್ಸಲ್ ಅಲ್ವಾ, ಇದಕ್ಕೆ ಮುಂದಿನ ಅರ್ಧದಲ್ಲೇ 10 ಎಣಿಸಿದೆ, ಹಿಂದಿನ ಅರ್ಧ ಎಣಿಸುವಷ್ಟರಲ್ಲಿ ಯಾರೋ ಹಾರ್ನ್ ಹೊಡೆದು ಲೆಕ್ಕ ತಪ್ಪಿತು.

ನಡುವೆ ಬೂದು ಬಣ್ಣದ ದೊಡ್ಡ ಟ್ರಾನ್ಸ್‌ಫಾರ್ಮರ್. ಅದರ ಕೆಳಗೆ ವ್ಯಾಗನ್ನಿನ ತಳವೇ ಇರಲಿಲ್ಲ, ಹಳಿಯ ಜಲ್ಲಿ ಕಾಣುತ್ತಿತ್ತು. ಎರಡೂ ಕಡೆಯಿಂದ ಚಾಚಿದ ತೋಳುಗಳು ಅದನ್ನು ದಪ್ಪ ಪಿನ್ನುಗಳಲ್ಲಿ ಎತ್ತಿ ಹಿಡಿದಿದ್ದವು.

ನನ್ನ ಪ್ರಕಾರ ಇದು ಶ್ನಾಬೆಲ್ ವ್ಯಾಗನ್. ಜರ್ಮನ್‌ನಲ್ಲಿ ಹಾಗಂದರೆ ಕೊಕ್ಕು, ಆ ತೋಳು ನೋಡಿದರೆ ಹೆಸರು ಸರಿಯಾಗೇ ಇದೆ. ಇದರಲ್ಲಿ ಸರಕೇ ವ್ಯಾಗನ್ನಿನ ನಡುಭಾಗ ಆಗಿಬಿಡುತ್ತೆ, ಖಾಲಿ ಇದ್ದಾಗ ಎರಡು ಅರ್ಧಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಅಮೆರಿಕದ ಸಿಇಬಿಎಕ್ಸ್ 800 ಅನ್ನೋ ಶ್ನಾಬೆಲ್ ವ್ಯಾಗನ್‌ಗೆ 36 ಆಕ್ಸಲ್ ಇವೆ!

ಗೆಳೆಯ ಮಾತ್ರ ಇದು ನಡು ತಗ್ಗಿಸಿದ ವ್ಯಾಗನ್ ಅಂತ ಹಟ ಹಿಡಿದಿದ್ದಾನೆ. ಅಂಥ ವ್ಯಾಗನ್‌ಗೆ ತಳ ಇರಲೇಬೇಕಲ್ವಾ? ನನ್ನ ಫೋಟೋ ಪೂರ್ತಿ ಮಸುಕು, ಪಕ್ಕದಲ್ಲಿ ಬರೆದಿದ್ದ ನಂಬರ್ ಅರ್ಧ ಮಾತ್ರ ಕಾಣುತ್ತೆ. ಇಂಥದ್ದನ್ನು ಹತ್ತಿರದಿಂದ ನೋಡಿದವರು, ಆಕ್ಸಲ್ ಲೆಕ್ಕದಿಂದ ಯಾವ ಮಾದರಿ ಅಂತ ಗುರುತಿಸೋದು ಹೇಗೆ ಹೇಳ್ತೀರಾ?