ಅಪ್‌ಡೇಟ್: ಕೊನೆಗೂ ತುಟಿ, ಮಾತು ಒಂದಾದವು

ವಿಡಿಯೋಗೂ ಧ್ವನಿಗೂ ಯಾಕೆ ಹೊಂದಿಕೆ ತಪ್ಪುತ್ತಿದೆ ಅಂತ ಹೋದ ವಾರ ಇಲ್ಲಿ ಕೇಳಿದ್ದೆ. 40 ನಿಮಿಷದ ಸಂದರ್ಶನ, ವಿಡಿಯೋ ಫೋನಿನಲ್ಲಿ, ಧ್ವನಿ ಬೇರೆ ರೆಕಾರ್ಡರ್‌ನಲ್ಲಿ. ಶುರುವಿನಲ್ಲಿ ಸರಿಯಾಗಿ ಕೂರುತ್ತಿತ್ತು, ಕೊನೆಗೆ ಬಾಯಿ ಮುಚ್ಚಿದ ಮೇಲೆ ಮಾತು ಕೇಳುತ್ತಿತ್ತು.

ಮೆಮೊರಿ ಕಾರ್ಡ್ ಬದಲಿಸಿದೆ, ಏನೂ ಆಗಲಿಲ್ಲ. ಧ್ವನಿಯ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆದು ದಾಖಲಿಸುತ್ತದೆ ಅನ್ನೋದು) 44.1 ಬಿಟ್ಟು 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೂ ಅದೇ ಕಥೆ. ವಿಡಿಯೋಗೆ 48 ಒಳ್ಳೆಯದು ಅಂತ ಅದನ್ನೇ ಇಟ್ಟುಕೊಂಡಿದ್ದೇನೆ.

ಕೆಲಸ ಮಾಡಿದ್ದು "ಫೋನಿನ ಫ್ರೇಮ್ ರೇಟ್ ನೋಡಿ" (ಸೆಕೆಂಡಿಗೆ ಎಷ್ಟು ಚಿತ್ರ ಅಂದರೆ ಫ್ರೇಮ್ ತೆಗೆಯುತ್ತದೆ ಅನ್ನೋದು) ಅಂದವರ ಸಲಹೆ. ತುಂಬಾ ಥ್ಯಾಂಕ್ಸ್! ನಾನು ಸುಮ್ನೆ ರೆಕಾರ್ಡರ್ ಮೇಲೆ ಅನುಮಾನ ಪಟ್ಟಿದ್ದೆ. ಬೆಳಕು ಕಡಿಮೆಯಾದರೆ ಎಷ್ಟೋ ಫೋನ್‌ಗಳು ತಾವೇ ಫ್ರೇಮ್ ಕಡಿಮೆ ಮಾಡುತ್ತವಂತೆ, ಹಾಗೆ ರೇಟ್ ಬದಲಾಗುತ್ತಾ ಇದ್ದರೆ ಎಡಿಟ್‌ನಲ್ಲಿ ಧ್ವನಿ ಜೊತೆ ಹೊಂದಿಕೆ ತಪ್ಪುತ್ತದೆ, ಇದು ಗೊತ್ತೇ ಇರಲಿಲ್ಲ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಬದಲಿಸುವ ಸಾಫ್ಟ್‌ವೇರ್‌ನಲ್ಲಿ 30 ಫ್ರೇಮ್, ಕಾನ್‌ಸ್ಟಂಟ್ (ಉದ್ದಕ್ಕೂ ಒಂದೇ ರೇಟ್) ಅಂತ ಆರಿಸಿ ಫೈಲ್ ಬದಲಿಸಿಕೊಂಡೆ. ಆಮೇಲೆ ಎಡಿಟ್‌ಗೆ ಹಾಕಿದೆ. ಹೆಚ್ಚುಕಮ್ಮಿ ಸರಿಹೋಯಿತು.

ಕೊನೆಯಲ್ಲಿ ಎರಡು ಫ್ರೇಮ್ ವ್ಯತ್ಯಾಸ ಉಳಿದಿತ್ತು. ಎರಡು ಯಂತ್ರಗಳ ಗಡಿಯಾರ ಪೂರ್ತಿ ಒಂದೇ ವೇಗದಲ್ಲಿ ಓಡಲ್ಲ ಅಲ್ವಾ? ಶುರುವಿನಲ್ಲೂ ಕೊನೆಯಲ್ಲೂ ಚಪ್ಪಾಳೆ ತಟ್ಟಿದ್ದೆ. ಮೊದಲ ಚಪ್ಪಾಳೆ ಕೂಡಿಸಿ, ಕೊನೆಯದು ಸೇರುವವರೆಗೆ ಧ್ವನಿಯನ್ನು ಚೂರು ಎಳೆದೆ. ಈಗ ಕೈ ಸೇರುವ ಫ್ರೇಮಿಗೇ ಸದ್ದು ಬರುತ್ತಿದೆ.