ಹಡಗಿನ ಜನರನ್ನು ‘ತೆರವು’ ಮಾಡುವುದೋ, ‘ಇಳಿಸು’ವುದೋ?

ಎಲ್ಲರಿಗೂ ನಮಸ್ಕಾರ.

ಮಕ್ಕಳ ಪತ್ರಿಕೆಯೊಂದಕ್ಕೆ ಧ್ರುವದ ಕಡಲಿನ ಹಡಗು ಅವಘಡಗಳ ಬಗ್ಗೆ ಬರೆಯುತ್ತಿದ್ದೇನೆ. ‘ಇವ್ಯಾಕ್ಯುಯೇಷನ್’, ಅಂದರೆ ಅಪಾಯದಲ್ಲಿರುವ ಹಡಗಿನಿಂದ ಜನರನ್ನು ಹೊರಗೆ ಕಳಿಸುವುದು, ಅನ್ನುವ ಒಂದೇ ಪದಕ್ಕೆ ಎರಡು ದಿನದಿಂದ ತಲೆ ಕೆರೆದುಕೊಂಡು ಕೂತಿದ್ದೇನೆ.

ಮೊದಲು ‘ತೆರವು’ ಅಂತ ಬರೆದೆ. ಅಕ್ಕ ಓದಿ, "ಯಾಕೆ, ಅವರೇನು ಹಡಗು ಒತ್ತುವರಿ ಮಾಡಿದ್ರಾ?" ಅಂದಳು. ನಿಜ ಅಲ್ವಾ, ತೆರವು ಅಂದ ಕೂಡಲೇ ನಮಗೆ ಜೆಸಿಬಿಯೇ ಕಾಣಿಸುತ್ತದೆ. ಆಮೇಲೆ ‘ಸ್ಥಳಾಂತರ’ ಹಾಕಿದೆ. ನೆರೆ ಬಂದಾಗ ಜನರನ್ನು ಕಾಳಜಿ ಕೇಂದ್ರಕ್ಕೆ ಸ್ಥಳಾಂತರಿಸಿದರು ಅಂತ ಓದಿ ಓದಿ ಅಭ್ಯಾಸವಾಗಿದೆ. ಆದರೆ ಅಲ್ಲಿ ಹೋಗಿ ಸೇರುವುದಕ್ಕೆ ಒಂದು ಜಾಗ ಇರುತ್ತದೆ, ತಲೆ ಮೇಲೆ ಸೂರು, ಒಂದು ತಟ್ಟೆ ಬಿಸಿ ಅನ್ನ ಇರುತ್ತದೆ. ಇಲ್ಲಿ ಎಲ್ಲಿಯ ಸ್ಥಳ?

2007ರ ನವೆಂಬರ್ 23ರಂದು ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದ ಹತ್ತಿರ ಎಂವಿ ಎಕ್ಸ್‌ಪ್ಲೋರರ್ ಅನ್ನುವ ಪ್ರವಾಸಿ ಹಡಗು ಮಂಜುಗಡ್ಡೆಗೆ ತಾಗಿ ಒಳಗೆ ನೀರು ನುಗ್ಗಿತು. 154 ಜನ ಸೂರಿಲ್ಲದ ಲೈಫ್‌ಬೋಟ್‌ಗಳಿಗೂ ರಬ್ಬರ್ ದೋಣಿಗಳಿಗೂ ಇಳಿದರು. ಗಂಟೆಗಟ್ಟಲೆ ಆ ಚಳಿಯಲ್ಲಿ ಹಾಗೇ ಕೂತಿದ್ದರು. ಕೊನೆಗೆ ನಾರ್ವೆಯ ನಾರ್ಡ್‌ನಾರ್ಗೆ ಹಡಗು ಬಂದು ಎಲ್ಲರನ್ನೂ ಹತ್ತಿಸಿಕೊಂಡಿತು. ಒಬ್ಬರ ಜೀವವೂ ಹೋಗಲಿಲ್ಲ. ದೋಣಿಗೆ ಇಳಿದದ್ದೇ ಬೇರೆ, ಇನ್ನೊಂದು ಹಡಗು ಹತ್ತಿದ್ದೇ ಬೇರೆ. ನಮ್ಮ ಸುದ್ದಿಗಳಲ್ಲಿ ಎರಡಕ್ಕೂ ‘ರಕ್ಷಣೆ’ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ.

ಅದು ಸುಮ್ನೆ ಪದದ ಜಗಳ ಅಲ್ಲ. 1982ರ ಫೆಬ್ರವರಿ 15ರ ಓಷನ್ ರೇಂಜರ್ ಕಥೆ ನೋಡಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಆಚೆಯ ಕಡಲಲ್ಲಿ ಎಣ್ಣೆಬಾವಿ ಕೊರೆಯುತ್ತಿದ್ದ ತೇಲುವ ರಿಗ್ ಅದು. ಬಿರುಗಾಳಿಯಲ್ಲಿ ಜನ ರಿಗ್ ಬಿಟ್ಟರು. ಒಂದು ಲೈಫ್‌ಬೋಟ್ ಕಾವಲು ಹಡಗಿನ ಮಗ್ಗುಲಿಗೇ ಬಂತು, ಹಗ್ಗವನ್ನೂ ಕಟ್ಟಿದ್ದಾಯಿತು, ಇನ್ನೇನು ಹತ್ತಬೇಕು ಅಂತ ಒಳಗಿದ್ದವರು ಹೊರಗೆ ಬಂದು ಒಂದೇ ಕಡೆ ನಿಂತಾಗ ಬೋಟ್ ಮಗುಚಿಕೊಂಡಿತು. ಲೈಫ್‌ಜಾಕೆಟ್ ಇತ್ತು, ಚಳಿ ತಡೆಯುವ ಉಡುಪು ಇರಲಿಲ್ಲ. ರಿಗ್‌ನಲ್ಲಿದ್ದ 84 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಇವ್ಯಾಕ್ಯುಯೇಷನ್ ಆಗಿತ್ತು, ರೆಸ್ಕ್ಯೂ ಆಗಲಿಲ್ಲ. ಇದನ್ನು ಮಕ್ಕಳಿಗೆ ‘ರಕ್ಷಣೆ’ ಅನ್ನುವ ಒಂದೇ ಪದದಲ್ಲಿ ಹೇಗೆ ಹೇಳಲಿ?

ಧ್ರುವದ ಕಡಲಲ್ಲಿ ಈ ಎರಡರ ನಡುವಿನ ಹೊತ್ತು ಇನ್ನೂ ಜಾಸ್ತಿ. ಧ್ರುವದ ಕಡಲಿಗೆ ಹೋಗುವ ಹಡಗುಗಳಿಗೆಂದು 2017ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಾವಳಿ ಪೋಲಾರ್ ಕೋಡ್ ಪ್ರಕಾರ, ನೆರವು ಬರಲು ಕಡಿಮೆ ಅಂದರೂ 5 ದಿನ ಹಿಡಿಯುತ್ತದೆ ಅಂತಲೇ ಲೆಕ್ಕ ಹಿಡಿದು ತಯಾರಾಗಿರಬೇಕು.

ನನಗೆ ತೋಚಿದ್ದು ಇವ್ಯಾಕ್ಯುಯೇಷನ್‌ಗೆ ‘ಇಳಿಸು’, ರೆಸ್ಕ್ಯೂಗೆ ‘ಪಾರುಮಾಡು’. ಪಾರು ಅಂದರೆ ಆಚೆ ದಡ, ಅಲ್ಲಿ ಮುಟ್ಟುವ ತನಕ ಆ ಪದ ಬಳಸುವ ಹಾಗಿಲ್ಲ. ಇದು ನನಗೆ ಇಷ್ಟವಾಯಿತು. ತೊಡಕಿರುವುದು ‘ಇಳಿಸು’ವಿನಲ್ಲಿ. 2014ರ ಜನವರಿ 2ರಂದು ಅಂಟಾರ್ಕ್ಟಿಕಾದಲ್ಲಿ ಮಂಜುಗಡ್ಡೆಗಳ ನಡುವೆ ಸಿಕ್ಕಿಕೊಂಡಿದ್ದ ಅಕಾಡೆಮಿಕ್ ಶೊಕಾಲ್ಸ್‌ಕಿ ಹಡಗಿನಿಂದ 52 ಜನರನ್ನು ಚೀನಾದ ಹಡಗಿನ ಹೆಲಿಕಾಪ್ಟರ್ ಕರೆದೊಯ್ಯಿತು. ಅವರೇ ಹಿಮ ತುಳಿದು ತುಳಿದು ಗಟ್ಟಿ ಮಾಡಿದ್ದ ಹೆಲಿಪ್ಯಾಡ್ ಮೇಲೆ ಅದು ಇಳಿದಿತ್ತು. ಹಡಗಿನ ಸಿಬ್ಬಂದಿ ಅಲ್ಲೇ ಉಳಿದರು. ಹಡಗು ಮುಳುಗಲೂ ಇಲ್ಲ, ಖಾಲಿಯೂ ಆಗಲಿಲ್ಲ. ಆ 52 ಜನರನ್ನು ‘ಇಳಿಸಿದರು’ ಅನ್ನೋಣವೇ, ‘ಎತ್ತಿದರು’ ಅನ್ನೋಣವೇ? ‘ಸಾಗಿಸಿದರು’ ಅಂದರೆ ಮೂಟೆ ಸಾಗಿಸಿದ ಹಾಗೆ ಕೇಳುತ್ತದೆ. ‘ಹೊರತಂದರು’ ನಡೆಯುತ್ತದಾ?

ಕರಾವಳಿಯವರು, ಹಡಗಿನಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ, ಬೋಟ್ ಬಿಟ್ಟು ಇಳಿಯುವುದಕ್ಕೆ ನಿಮ್ಮ ಮಾತಿನಲ್ಲಿ ಏನನ್ನುತ್ತೀರಿ?

ಇನ್ನೊಂದು ಪುಟ್ಟ ಪ್ರಶ್ನೆ. ಇಮ್ಮರ್ಶನ್ ಸೂಟ್‌ಗೆ, ಅಂದರೆ ನೀರಿಗೆ ಬಿದ್ದರೂ ಚಳಿ ತಡೆಯುವ ಆ ಉಡುಪಿಗೆ, ಗೆಳೆಯರೊಬ್ಬರು ‘ಮುಳುಗುಡುಪು’ ಅಂತ ಮಾಡಿಕೊಟ್ಟಿದ್ದಾರೆ. ಹಡಗು ಮುಳುಗುವಾಗ ಅದನ್ನು ಯಾರು ಹಾಕಿಕೊಳ್ಳುತ್ತಾರೆ ಹೇಳಿ?