ವಿಎ ಆಸ್ಪತ್ರೆಯಲ್ಲಿ ಸೋಷಿಯಲ್ ವರ್ಕ್ ಚೀಫ್ ಆಗಿದ್ದೇನೆ, ಆದರೆ ಮುಕ್ಕಾಲು ಜನ ನನ್ನ ಕೈಕೆಳಗೆ ಇಲ್ಲ

ತೀರ್ಥಹಳ್ಳಿ_ಮಳೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಮೆರಿಕಕ್ಕೆ ಬಂದು ಹತ್ತೊಂಬತ್ತು ವರ್ಷ ಆಯಿತು. ಇಲ್ಲೇ ಎಂಎಸ್‌ಡಬ್ಲ್ಯೂ ಓದಿದೆ, ಕ್ಲಿನಿಕಲ್ ಲೈಸೆನ್ಸ್ ತೆಗೆದುಕೊಂಡೆ, ಸಿಟಿಜನ್ ಆದ ಮೇಲೆ ವಿಎ ಸೇರಿದೆ. ಹನ್ನೊಂದು ವರ್ಷ ಪ್ರೈಮರಿ ಕೇರ್‌ನಲ್ಲೇ ಇದ್ದೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ವಿಎ ಅಂದರೆ ಇಲ್ಲಿನ ಮಾಜಿ ಸೈನಿಕರ ಇಲಾಖೆ. ಸುಮಾರು 170 ಆಸ್ಪತ್ರೆ, ಸಾವಿರಕ್ಕೂ ಜಾಸ್ತಿ ಕ್ಲಿನಿಕ್, ಹೆಸರು ಬರೆಸಿರುವ ವೆಟರನ್‌ಗಳು ಸುಮಾರು 90 ಲಕ್ಷ. ಈ ದೇಶದಲ್ಲಿ ಸೋಷಿಯಲ್ ವರ್ಕರ್‌ಗಳನ್ನು ಎಲ್ಲರಿಗಿಂತ ಹೆಚ್ಚು ಇಟ್ಟುಕೊಂಡಿರುವುದೂ ಇದೇ ಇಲಾಖೆ.

ನಾಲ್ಕು ತಿಂಗಳ ಹಿಂದೆ ನಮ್ಮ ಚೀಫ್ ನಿವೃತ್ತರಾದರು. ಆ ಜಾಗದಲ್ಲಿ ನನ್ನನ್ನು ಕೂರಿಸಿದರು. ನಾನೂ ಖುಷಿಯಿಂದಲೇ ಕೂತೆ.

ಈಗ ಕಥೆ ಕೇಳಿ. ಆಸ್ಪತ್ರೆಯಲ್ಲಿ 64 ಸೋಷಿಯಲ್ ವರ್ಕರ್‌ಗಳಿದ್ದಾರೆ. ನನಗೆ ನೇರವಾಗಿ ರಿಪೋರ್ಟ್ ಮಾಡುವವರು 15. ಉಳಿದವರು ಮೆಂಟಲ್ ಹೆಲ್ತ್, ವಾರ್ಡ್ ನರ್ಸಿಂಗ್, ಮನೆಯಿಲ್ಲದ ವೆಟರನ್‌ಗಳ ಪ್ರೋಗ್ರಾಂ ಅಂತ ಹಂಚಿಹೋಗಿದ್ದಾರೆ. ಅವರ ರಜೆ, ವರ್ಷದ ರೇಟಿಂಗ್, ಯಾರಿಗೆ ಎಷ್ಟು ಕೇಸ್ ಅನ್ನುವುದೆಲ್ಲ ಅಲ್ಲಿನ ಮ್ಯಾನೇಜರ್ ಕೈಯಲ್ಲಿ. ಆದರೆ ಯಾರದೋ ನೋಟ್ ಸರಿ ಇಲ್ಲ, ಯಾವುದೋ ಡಿಸ್ಚಾರ್ಜ್ ಕೆಟ್ಟಿತು ಅಂದರೆ ಮೀಟಿಂಗ್‌ನಲ್ಲಿ ಎಲ್ಲರ ಕತ್ತು ನನ್ನ ಕಡೆಗೇ ತಿರುಗುತ್ತದೆ. ಊಟಕ್ಕೆ ಕರೆಯಲಿಲ್ಲ, ಎಲೆ ತೆಗೆಯಲು ಮಾತ್ರ ಕರೆದರು ಅನ್ನುವ ಹಾಗಿದೆ.

ಇನ್ನು ನನ್ನದೇ ಒಂದು ತಪ್ಪು. ವಾರ್ಡಿನ ಒಬ್ಬ ಸೋಷಿಯಲ್ ವರ್ಕರ್ ನಾನು ಕರೆದ ಮೀಟಿಂಗ್‌ಗೆ ಎರಡು ಸಲ ಬರಲಿಲ್ಲ. ನಾನು ಸಿಟ್ಟಿನಲ್ಲಿ ಅವರ ನರ್ಸ್ ಮ್ಯಾನೇಜರ್‌ಗೆ ನಿಯಮದ ಸಾಲುಗಳನ್ನೆಲ್ಲ ಅಂಟಿಸಿ ಮೇಲ್ ಮಾಡಿದೆ, ಅವರ ಮೇಲಿನವರಿಗೂ ಕಾಪಿ ಹಾಕಿದೆ. ಈಗ ಆ ವಾರ್ಡಿಗೆ ಹೋದರೆ ಯಾರೂ ಮುಖ ಎತ್ತಿ ನೋಡುವುದಿಲ್ಲ.

ಕೇಳಬೇಕಾದ್ದು ಇಷ್ಟು. ಮೇಲಿನವರ ಹತ್ತಿರ ಹೋಗಿ ಎಲ್ಲರನ್ನೂ ನನ್ನ ಕೆಳಗೆ ತನ್ನಿ ಅಂತ ಜಗಳ ಮಾಡಲಾ? ಇಲ್ಲ ಹೀಗೇ ಸಂಭಾಳಿಸುವ ದಾರಿ ಏನಾದರೂ ಇದೆಯಾ? ಈ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಅರಿಜೋನಾ_ಅಜ್ಜಿ

ಪುಟ್ಟೀ, ನಾನಿದ್ದೇನೆ. ಇಪ್ಪತ್ತೆಂಟು ವರ್ಷ ವಿಎನಲ್ಲಿ, ಅದರಲ್ಲಿ ಒಂಬತ್ತು ವರ್ಷ ನೀನು ಕೂತಿರುವಂಥದೇ ಕುರ್ಚಿಯಲ್ಲಿ. ಈಗ ಮೊಮ್ಮಕ್ಕಳನ್ನು ನೋಡಿಕೊಂಡು ಆರಾಮಾಗಿದ್ದೇನೆ.

ಮೊದಲು ಈ ಗೋಜಲು ಎಲ್ಲಿಂದ ಬಂತು ಅಂತ ತಿಳಿದುಕೊ, ಇಲ್ಲದಿದ್ದರೆ ನಿನ್ನ ಮೇಲೇ ಯಾರಿಗೋ ಹಗೆ ಅನ್ನಿಸುತ್ತದೆ. 1926ರ ಜೂನ್‌ನಲ್ಲಿ ಆಗಿನ ವೆಟರನ್ಸ್ ಬ್ಯೂರೋ ಸೋಷಿಯಲ್ ವರ್ಕ್ ಶುರುಮಾಡಿದಾಗ ಇದ್ದವರು 36 ಜನ. ಬೆಳೆದು ಬೆಳೆದು ಒಂದೊಂದು ಆಸ್ಪತ್ರೆಯಲ್ಲೂ ದೊಡ್ಡ ಇಲಾಖೆ ಆಯಿತು. ಚೀಫ್ ಅಂದರೆ ಆಗ ಪಾಳೆಗಾರ ಇದ್ದ ಹಾಗೆ. ಆಮೇಲೆ 1994ರಲ್ಲಿ ಕೆನೆತ್ ಕೈಸರ್ ವಿಎ ಆರೋಗ್ಯ ವಿಭಾಗದ ಮುಖ್ಯಸ್ಥರಾಗಿ ಬಂದು ಇಡೀ ವ್ಯವಸ್ಥೆಯನ್ನೇ ಕಲಕಿದರು. ನರ್ಸಿಂಗ್‌ಗೊಂದು, ಸೈಕಾಲಜಿಗೊಂದು, ನಮಗೊಂದು ಇಲಾಖೆ ಅನ್ನುವುದು ಎಷ್ಟೋ ಆಸ್ಪತ್ರೆಗಳಲ್ಲಿ ಹೋಯಿತು. ರೋಗಿಗೆ ಬೇಕಾದ ಸೇವೆ ಯಾವುದೋ ಆ ಸೇವೆಗೊಂದು ಗುಂಪು, ಅದಕ್ಕೊಬ್ಬ ಮ್ಯಾನೇಜರ್ ಅಂತಾಯಿತು. ನನಗೆ ಕೇಳಿದರೆ ಅದು ಪೂರ್ತಿ ತಪ್ಪೂ ಅಲ್ಲ. ಆಸ್ಪತ್ರೆ ಬಿಟ್ಟು ಕ್ಲಿನಿಕ್ ಕಡೆ, ಮನೆ ಕಡೆ ಹೋದದ್ದು ಆ ಕಾಲದಲ್ಲೇ. ಆದರೆ ನಿನ್ನಂಥವಳಿಗೆ ಜವಾಬ್ದಾರಿ ಉಳಿಯಿತು, ಅಧಿಕಾರ ಹೋಯಿತು.

ಜಗಳ ಮಾಡಬೇಡ. ನಾನು ಎರಡು ವರ್ಷ ಮಾಡಿ ನೋಡಿದ್ದೇನೆ, ಮೂರು ಜನ ಸಿಕ್ಕರು, ಮೂವತ್ತು ಜನ ಶತ್ರುಗಳಾದರು.

ನಿನ್ನ ಕೈಯಲ್ಲಿ ಏನಿದೆ ಅಂತ ನೋಡು. ವಿಎನಲ್ಲಿ ಲೈಸೆನ್ಸ್ ಇಲ್ಲದೆ ಸೇರುವವರಿಗೆ ಮೂರು ವರ್ಷದೊಳಗೆ ಅದನ್ನು ತೆಗೆದುಕೊಳ್ಳಲೇಬೇಕು ಅಂತ ಕಾನೂನೇ ಇದೆ, ಅಲ್ವಾ? ಅದಕ್ಕೆ ಬೇಕಾದ ಗಂಟೆಗಟ್ಟಲೆ ಸೂಪರ್‌ವಿಷನ್ ಯಾರು ಕೊಡುತ್ತಾರೆ? ನರ್ಸ್ ಮ್ಯಾನೇಜರ್ ಕೊಡಲಾರರು, ಸೈಕಿಯಾಟ್ರಿಸ್ಟೂ ಕೊಡಲಾರರು. ನಮ್ಮವರೇ ಕೊಡಬೇಕು. ಜಿಎಸ್ ಅನ್ನುವ ಸರ್ಕಾರಿ ಸಂಬಳ ಶ್ರೇಣಿಯಲ್ಲಿ 9ರಿಂದ 11ಕ್ಕೆ ಏರುವವರ ಕಾಗದಪತ್ರ ನೋಡುವ ಮಂಡಳಿಯಲ್ಲೂ ನಮ್ಮವರೇ ಕೂರುತ್ತಾರೆ. ಚಾರ್ಟ್, ಅಂದರೆ ರೋಗಿಯ ದಾಖಲೆ, ತೆಗೆದು ಕೆಲಸದ ಗುಣಮಟ್ಟ ನೋಡುವುದೂ ನಮ್ಮ ವೃತ್ತಿಯವರದೇ ಹಕ್ಕು. ರಜೆ ಮಂಜೂರು ಮಾಡುವವರಿಗಿಂತ ಕೆಲಸ ಕಲಿಸುವವರನ್ನು ಜನ ಜಾಸ್ತಿ ನೆನಪಿಟ್ಟುಕೊಳ್ಳುತ್ತಾರೆ. ಪ್ರತಿ ವಾರ ಒಂದು ಗಂಟೆ, ಕೇಸ್ ಮಾತ್ರ, ಆಡಳಿತದ ಮಾತು ಒಂದೂ ಬೇಡ. ಹಾಗೆ ಒಂದು ಬೈಠಕ್ ಶುರುಮಾಡು. ಬನ್ನಿ ಅಂತ ಯಾರನ್ನೂ ಒತ್ತಾಯ ಮಾಡಬೇಡ.

ಚಾರ್ಟ್ ಅಂದೆನಲ್ಲ, ಒಂದು ಸಂಗತಿ ಹೇಳಲೇಬೇಕು. 2016 ಇರಬೇಕು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ ಒಬ್ಬರು, ಪಾರ್ಶ್ವವಾಯು ಆಗಿತ್ತು. ಶುಕ್ರವಾರ ಸಂಜೆ ನಾಲ್ಕಕ್ಕೆ ಮನೆಗೆ ಕಳಿಸಿದರು. ಹೆಂಡತಿ ವಾಕರ್ ಹಿಡಿದು ನಡೆಯುವವರು. ಸೋಮವಾರ ಬೆಳಿಗ್ಗೆ ಆ ಮನುಷ್ಯ ಮತ್ತೆ ಎಮರ್ಜೆನ್ಸಿಯಲ್ಲಿ, ಬಿದ್ದು ಸೊಂಟ ಮುರಿದಿತ್ತು. ನಾನು ಆ ವಾರ್ಡಿನ ಹುಡುಗಿಯನ್ನು ರೂಮಿಗೆ ಕರೆದು ಚೆನ್ನಾಗಿ ಬೈದೆ. ಅವಳು ಒಂದು ಮಾತೂ ಆಡಲಿಲ್ಲ. ರಾತ್ರಿ ಚಾರ್ಟ್ ತೆಗೆದು ನೋಡುತ್ತೇನೆ, ‘ಹೆಂಡತಿಯೊಬ್ಬರ ಕೈಲಿ ಆಗುವುದಿಲ್ಲ’ ಅಂತ ಅವಳು ಮೂರು ಸಲ ಬರೆದಿದ್ದಾಳೆ, ಮೂರು ದಿನ, ಮೂರು ನೋಟ್. ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ, ಬೈಯುವ ಮೊದಲು ಕೂಡ. ಮನೆಯಲ್ಲಿ ನೋಡಿಕೊಳ್ಳುವವರಿಗೆ ತಿಂಗಳಿಗಿಷ್ಟು ಅಂತ ಕೊಡುವ ಯೋಜನೆ 2010ರ ಕಾನೂನಿನಿಂದ ಬಂದಿತ್ತು, ಆದರೆ ಆಗ ಅದು 2001ರ ಸೆಪ್ಟೆಂಬರ್ 11ರ ನಂತರ ಗಾಯಗೊಂಡವರ ಮನೆಯವರಿಗೆ ಮಾತ್ರ. ವಿಯೆಟ್ನಾಂ ಕಾಲದವರಿಗೆ ಬಾಗಿಲು ತೆರೆದದ್ದು 2020ರಲ್ಲಿ. ಆ ಹುಡುಗಿಗೆ ಕೊಡಲು ಏನೂ ಇರಲಿಲ್ಲ, ಬರೆಯುವುದೊಂದೇ ಇತ್ತು, ಅದನ್ನು ಬರೆದಿದ್ದಳು.

ಮಾರನೆಯ ದಿನ ಅವಳ ಡೆಸ್ಕಿಗೆ ಹೋಗಿ ಕ್ಷಮೆ ಕೇಳಿದೆ. ಆಮೇಲೆ ದಿನಾ ಐದು ಚಾರ್ಟ್ ಓದುವ ಅಭ್ಯಾಸ ಇಟ್ಟುಕೊಂಡೆ. ನೀನೂ ಮಾಡು.

ಹುಬ್ಬಳ್ಳಿ_ಸಿಸ್ಟರ್

ನಾನು ಆ ಕಡೆಯವಳು ನೋಡಿ! ವಿಎನಲ್ಲಿ ನರ್ಸ್ ಮ್ಯಾನೇಜರ್. ಇಬ್ಬರು ಸೋಷಿಯಲ್ ವರ್ಕರ್‌ಗಳು ನನಗೇ ರಿಪೋರ್ಟ್ ಮಾಡುತ್ತಾರೆ. ಅಕ್ಕಾರ, ನೀವು ಕಳಿಸಿದಂಥ ಮೇಲ್ ನನಗೂ ಬಂದಿದೆ. ಓದಿದ ತಕ್ಷಣ ನೆತ್ತಿ ಬಿಸಿಯಾಗುತ್ತದೆ, ಅದರಲ್ಲೂ ಮೇಲಿನವರಿಗೆ ಕಾಪಿ ಹಾಕಿದ್ದರೆ ಮುಗಿದೇ ಹೋಯಿತು.

ನಮ್ಮ ಕಷ್ಟ ಏನು ಗೊತ್ತಾ? ಬೆಳಿಗ್ಗೆ ಒಂಬತ್ತಕ್ಕೆ ಡಿಸ್ಚಾರ್ಜ್ ಮೀಟಿಂಗ್. ಅದೇ ಹೊತ್ತಿಗೆ ಚೀಫ್ ಮೀಟಿಂಗ್ ಇಟ್ಟರೆ ನಾನು ನನ್ನ ಸೋಷಿಯಲ್ ವರ್ಕರನ್ನು ಹೇಗೆ ಕಳಿಸಲಿ? ಒಂದು ಸಲ ಬಂದು ವಾರ್ಡಿನಲ್ಲಿ ನಿಂತು ನೋಡಿ. ಮೇಲ್ ಬೇಡ, ನೀವೇ ಬನ್ನಿ.

ಇನ್ನೊಂದು ಮಾತು, ಇದು ನಮ್ಮವರಿಗೂ ಸಿಟ್ಟು ತರಿಸಬಹುದು. ವಾರ್ಡಿನಲ್ಲಿ ಯಾರಿಗೂ ಬೇಡದ ಕೆಲಸವೆಲ್ಲ ಸೋಷಿಯಲ್ ವರ್ಕರ್ ತಲೆಗೆ. ಟ್ಯಾಕ್ಸಿ ಕರೆಯಿರಿ, ಕಳೆದುಹೋದ ಹಲ್ಲಿನ ಸೆಟ್ ಹುಡುಕಿ, ಪೇಷಂಟ್ ನಾಯಿಗೆ ಊಟ ಹಾಕುವವರು ಯಾರು ನೋಡಿ. (ನಾಯಿ ವಿಷಯ ನಿಜಕ್ಕೂ ಮುಖ್ಯ, ನಾಯಿಗಾಗಿ ಆಸ್ಪತ್ರೆ ಬಿಟ್ಟು ಹೋದವರನ್ನು ಕಂಡಿದ್ದೇನೆ.) ಟ್ಯಾಕ್ಸಿ ಕರೆಯಲು ಎಂಎಸ್‌ಡಬ್ಲ್ಯೂ ಬೇಕಾ? ಯಾವುದು ಅವರ ಕೆಲಸ, ಯಾವುದು ಅಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ, ನಾನು ಗೋಡೆಗೆ ಅಂಟಿಸುತ್ತೇನೆ. ನಮ್ಮ ಚೀಫ್ ಹಾಗೆ ಮಾಡಿದ ಮೇಲೆ ನಮಗೂ ಅನುಕೂಲವೇ ಆಯಿತು. ಸೇನಾ ಸೇವೆಯಿಂದ ಬಂದ ಅಂಗವೈಕಲ್ಯ 70 ಪರ್ಸೆಂಟ್ ಅಥವಾ ಜಾಸ್ತಿ ಅಂತ ರೇಟಿಂಗ್ ಇರುವವರಿಗೆ ನರ್ಸಿಂಗ್ ಹೋಂ ಬೇಕಾದರೆ ವಿಎ ಕೊಡಲೇಬೇಕು ಅನ್ನುವುದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಸೋಷಿಯಲ್ ವರ್ಕರ್ ಟ್ಯಾಕ್ಸಿ ಬಿಟ್ಟು ಪೇಷಂಟ್ ಫೈಲ್ ಹಿಡಿದು ಕೂತ ಮೇಲೆ ಇಂಥವು ಎರಡನೇ ದಿನವೇ ಗೊತ್ತಾಗುತ್ತವೆ. ಮೊದಲು ಹತ್ತನೇ ದಿನ ಗೊತ್ತಾಗುತ್ತಿತ್ತು.

ವೌಚರ್_ವೆಂಕಿ

ಅಜ್ಜಿ ಹೇಳಿದ್ದು ಅರ್ಧ ಒಪ್ಪುತ್ತೇನೆ. ಜಗಳ ಬೇಡ ಅನ್ನುವುದು ದೊಡ್ಡ ಕಟ್ಟಡದ ಒಳಗೆ ಇರುವವರಿಗೆ ಸರಿ. ನಾನು ಹೊರಗೆ ಇರುವವನು, ಮನೆಯಿಲ್ಲದ ವೆಟರನ್‌ಗಳಿಗೆ ಬಾಡಿಗೆ ಮನೆ ಕೊಡಿಸುವ ಹಡ್-ವ್ಯಾಶ್ ಯೋಜನೆಯ ಕೇಸ್ ಮ್ಯಾನೇಜರ್. ನನ್ನ ಆಫೀಸ್ ಅಂದರೆ ಸರ್ಕಾರಿ ಕಾರು.

ಬೇರೆಯವರಿಗೆ ಅರ್ಥವಾಗಲಿ ಅಂತ ಹೇಳುತ್ತೇನೆ. ವಸತಿ ಇಲಾಖೆ ಬಾಡಿಗೆ ವೌಚರ್ ಕೊಡುತ್ತದೆ, ವೆಟರನ್ ತನ್ನ ಆದಾಯದ ಸುಮಾರು 30 ಪರ್ಸೆಂಟ್ ಹಾಕಬೇಕು, ಉಳಿದದ್ದು ವೌಚರ್ ಲೆಕ್ಕ. ಮನೆ ಹುಡುಕುವುದು, ಓನರನ್ನು ಒಪ್ಪಿಸುವುದು, ಮನೆ ಸಿಕ್ಕ ಮೇಲೆ ಅದು ಕೈತಪ್ಪದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ಮನೆ ಕೊಡಿಸುವುದು ಸುಲಭ ಮಾರಾಯ್ರೆ, ಎಂಟು ವರ್ಷ ಸೇತುವೆ ಕೆಳಗೆ ಮಲಗಿದವರಿಗೆ ಮೊದಲ ತಿಂಗಳು ನಾಲ್ಕು ಗೋಡೆ ಮಧ್ಯೆ ನಿದ್ದೆ ಬರುವುದಿಲ್ಲ. ಒಬ್ಬರು ಮಂಚ ಬಿಟ್ಟು ಬಾಲ್ಕನಿಯಲ್ಲೇ ಆರು ವಾರ ಮಲಗಿದ್ದರು. ಅವರ ಜೊತೆ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯುವುದೂ ಕೇಸ್ ಮ್ಯಾನೇಜ್‌ಮೆಂಟೇ. 2010ರ ಎಣಿಕೆಯಲ್ಲಿ ಒಂದು ರಾತ್ರಿ ಮನೆಯಿಲ್ಲದ ವೆಟರನ್‌ಗಳು 74 ಸಾವಿರ ಇದ್ದರು, 2024ರ ಜನವರಿಯಲ್ಲಿ 32,882. ವೌಚರ್ ಒಂದರಿಂದಲೇ ಅಷ್ಟು ಇಳಿಯಿತು ಅಂತ ನಾನು ಹೇಳುವುದಿಲ್ಲ, ಆದರೆ ಆ ಕಾರುಗಳ ಪಾಲು ಅದರಲ್ಲಿ ಇದೆ.

ನನಗೆ ಚೀಫ್‌ನಿಂದ ಬೇಕಾದ್ದು ಬೇರೆ. ಹೋದ ವರ್ಷ ನನ್ನ ಲಿಸ್ಟಿನಲ್ಲಿದ್ದ ಒಬ್ಬರು ಆತ್ಮಹತ್ಯೆ ಮಾಡಿಕೊಂಡರು. 2022ರಲ್ಲಿ ಈ ದೇಶದಲ್ಲಿ 6,407 ವೆಟರನ್‌ಗಳು ಹೀಗೆ ಹೋದರು ಅಂತ ಟ್ರೇನಿಂಗ್‌ನಲ್ಲಿ ಕೇಳಿದ್ದೆ. ನಮ್ಮವರೇ ಒಬ್ಬರು ಹೋದಾಗ ಆ ಸಂಖ್ಯೆ ಯಾವ ಕೆಲಸಕ್ಕೂ ಬರಲಿಲ್ಲ. ಮಾರನೆಯ ದಿನದಿಂದ ನನ್ನ ನೋಟ್‌ಗಳನ್ನೆಲ್ಲ ತೆಗೆದು ಓದುವುದು ಶುರುವಾಯಿತು. ರಿಸ್ಕ್ ಪ್ರಶ್ನೆ ಕೇಳಿದ್ದರಾ, ಕಷ್ಟದಲ್ಲಿ ಸಹಾಯವಾಣಿಗೆ 988 ಒತ್ತಿ ಆಮೇಲೆ 1 ಒತ್ತಿ ಅಂತ ಹೇಳಿದ್ದರಾ, ಗನ್ ಲಾಕ್ ಕೊಟ್ಟಿದ್ದರಾ. ಎಲ್ಲ ಮಾಡಿದ್ದೆ. ಓದಬೇಕಾದ್ದೇ, ತಪ್ಪಿಲ್ಲ. ಆದರೆ ನಮ್ಮ ಚೀಫ್, ನನಗೆ ರಿಪೋರ್ಟಿಂಗ್ ಅಲ್ಲದೇ ಇದ್ದರೂ, ಮಧ್ಯಾಹ್ನ ನಲವತ್ತು ಮೈಲಿ ಕಾರು ಓಡಿಸಿಕೊಂಡು ಬಂದರು. ಅವತ್ತಿನ ನನ್ನ ಎರಡು ಮನೆ ಭೇಟಿಗೆ ಜೊತೆಗೇ ಬಂದರು. ಏನೂ ಉಪದೇಶ ಮಾಡಲಿಲ್ಲ. ನನ್ನ ರೇಟಿಂಗ್ ಬರೆಯುವ ಮ್ಯಾನೇಜರ್ ಯಾರು ಅಂತ ನನಗೆ ಆಗಾಗ ಮರೆತುಹೋಗುತ್ತದೆ. ಚೀಫ್ ಯಾರು ಅಂತ ಮರೆಯುವುದಿಲ್ಲ.

ಆದರೂ ಒಂದಕ್ಕೆ ಮಾತ್ರ ಜಗಳ ಮಾಡಿ ಮೇಡಂ. ಲೈಸೆನ್ಸ್ ಇನ್ನೂ ಬರದ ಹೊಸಬರನ್ನು ಒಂಟಿಯಾಗಿ ಹೊರಗಿನ ಪ್ರೋಗ್ರಾಂಗೆ ಹಾಕಲು ಬಿಡಬೇಡಿ. ಅವರನ್ನಾದರೂ ನಿಮ್ಮ ಕೆಳಗೇ ಇಟ್ಟುಕೊಳ್ಳಿ.

ಮಡಿಕೇರಿ_ಮಂಜು

ಸುಮ್ನೆ ಓದುತ್ತಿದ್ದೆ, ನಡುವೆ ಬಾಯಿ ಹಾಕುತ್ತೇನೆ. ನಮ್ಮ ಮಾವ ನಿವೃತ್ತ ಸುಬೇದಾರ್. ಇಲ್ಲಿ ಭಾರತದಲ್ಲಿ ನಮಗೆ ಇಸಿಎಚ್‌ಎಸ್ ಅಂತ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ, 2003ರಲ್ಲಿ ಶುರುವಾದದ್ದು. ಪಾಲಿಕ್ಲಿನಿಕ್‌ನಲ್ಲಿ ಡಾಕ್ಟರು, ಔಷಧ, ದೊಡ್ಡ ಆಸ್ಪತ್ರೆಗೆ ರೆಫರಲ್. ಮನೆ, ಮಕ್ಕಳ ಸ್ಕಾಲರ್‌ಶಿಪ್, ಸಹಾಯಧನ ಅಂದರೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ. ಪಿಂಚಣಿ ಇನ್ನೊಂದು ಕಡೆ. ಇವುಗಳ ಮಧ್ಯೆ ಓಡಾಡುವ ಸೋಷಿಯಲ್ ವರ್ಕರ್ ನಮ್ಮ ಮನೆಯಲ್ಲಿ ನಾನೇ, ಸಂಬಳ ಇಲ್ಲ, ಚೀಫೂ ಇಲ್ಲ. ಅತ್ತೆ ಆಗಾಗ ಚಾರ್ಟ್ ಪರಿಶೀಲನೆ ಮಾಡುತ್ತಾರೆ.

ತೀರ್ಥಹಳ್ಳಿ_ಮಳೆ

ಮಂಜಣ್ಣ, ನಗು ತಡೆಯಲಾಗಲಿಲ್ಲ.

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಸಿಸ್ಟರ್, ನಿಮ್ಮ ಮಾತು ಕೇಳಿ ಆ ವಾರ್ಡಿಗೆ ಹೋದೆ. ನರ್ಸ್ ಮ್ಯಾನೇಜರ್ ಹತ್ತಿರ ಮೇಲ್ ವಿಷಯಕ್ಕೆ ಸಾರಿ ಕೇಳಿದೆ. ಅವರು ‘ಹ್ಞಾಂ’ ಅಂದರು ಅಷ್ಟೇ, ಆದರೆ ಕುರ್ಚಿ ತೋರಿಸಿದರು. ಮೀಟಿಂಗ್‌ಗೆ ಬರದ ಹುಡುಗಿಯ ಚಾರ್ಟ್‌ಗಳನ್ನು ಓದಿದೆ. ತುಂಬಾ ಒಳ್ಳೆಯ ನೋಟ್‌ಗಳು, ನನಗಿಂತ ಚೆನ್ನಾಗಿ ಬರೆಯುತ್ತಾಳೆ. ಎರಡು ವಾರ್ಡ್ ಒಬ್ಬಳೇ ನೋಡುತ್ತಿದ್ದಾಳೆ, ನನಗೆ ಅದೂ ಗೊತ್ತಿರಲಿಲ್ಲ. ಗುರುವಾರದ ಕೇಸ್ ಬೈಠಕ್‌ಗೆ ಮೊದಲ ವಾರ ನಾಲ್ಕು ಜನ, ಈ ವಾರ ಒಂಬತ್ತು. ವೆಂಕಿಯವರೇ, ಹೊಸಬರ ವಿಷಯ ಮೇಲೆ ಎತ್ತಿದ್ದೇನೆ, ನೋಡೋಣ ಅಂದಿದ್ದಾರೆ.

ಅಜ್ಜೀ, ಒಂದು ಉಳಿಯಿತು. 2025ರ ಜನವರಿಯಲ್ಲಿ ಫೆಡರಲ್ ನೇಮಕಾತಿ ನಿಂತಿತು. ಆ ಸೆಪ್ಟೆಂಬರ್ ಕೊನೆಯೊಳಗೆ ನಿವೃತ್ತಿ, ರಾಜೀನಾಮೆ ಎಲ್ಲ ಸೇರಿ ಸುಮಾರು 30 ಸಾವಿರ ಜನ ಕಡಿಮೆಯಾಗುತ್ತಾರೆ ಅಂತ ವಿಎ ಹೇಳಿತ್ತು. ನಮ್ಮಲ್ಲೂ ಹೋದವರ ಜಾಗ ಖಾಲಿಯೇ ಇದೆ. ಎರಡನೇ ವಾರ್ಡಿಗೆ ಒಬ್ಬರು ಬೇಕು ಅಂತ ಹೇಗೆ ಕೇಳಲಿ?

ಅರಿಜೋನಾ_ಅಜ್ಜಿ

ನೀನು ಕೇಳಬೇಡ. ಆ ನರ್ಸ್ ಮ್ಯಾನೇಜರ್ ಕೇಳಲಿ. ಸೋಷಿಯಲ್ ವರ್ಕರ್ ಇಲ್ಲ ಅನ್ನುವ ಕಾರಣಕ್ಕೆ ಎಷ್ಟು ಪೇಷಂಟ್ ಎಷ್ಟು ದಿನ ಸುಮ್ನೆ ಹಾಸಿಗೆಯಲ್ಲಿ ಇದ್ದರು ಅಂತ ಇಬ್ಬರೂ ಕೂತು ಎರಡು ತಿಂಗಳ ಲೆಕ್ಕ ತೆಗೆಯಿರಿ. ಅರ್ಜಿ ಅವರ ಹೆಸರಲ್ಲಿ ಹೋಗಲಿ, ಲೆಕ್ಕದ ಹಾಳೆ ನಿನ್ನದಿರಲಿ. ಮತ್ತೆ ಹೋಗುವಾಗ ತಿನ್ನಲು ಏನಾದರೂ ತೆಗೆದುಕೊಂಡು ಹೋಗು, ಚಕ್ಕುಲಿ ಆದರೂ ಸರಿ.